ಪಿಯಾನೊ ಕಲಿಯುವ ಪುಟಾಣಿಗಳು: ತರಗತಿ ವಾರಕ್ಕೊಮ್ಮೆ, ಕಲಿಕೆ ದಿನವೂ ಮನೆಯಲ್ಲಿ

ಹಾಸನ: ವಾರದ ಏಳು ದಿನಗಳಲ್ಲಿ ಒಂದು ದಿನ, ಒಂದು ಗಂಟೆ. ಮಗುವನ್ನು ಪಿಯಾನೊ ಅಥವಾ ಕೀಬೋರ್ಡ್‌ನ ಸಮೂಹ ತರಗತಿಗೆ ಸೇರಿಸಿದ ಪೋಷಕರಿಗೆ ಸಾಮಾನ್ಯವಾಗಿ ದೊರೆಯುವುದು ಇಷ್ಟೇ. ಆ ಒಂದು ಗಂಟೆಯನ್ನು ಹತ್ತು ಮಕ್ಕಳು ಹಂಚಿಕೊಂಡರೆ ಒಂದೊಂದು ಮಗುವಿನ ಬೆರಳುಗಳತ್ತ ಶಿಕ್ಷಕರು ನೋಡಲು ಸಿಗುವುದು ಐದಾರು ನಿಮಿಷ. ಉಳಿದ ಆರು ದಿನ ಮಗು, ವಾದ್ಯ ಮತ್ತು ಮನೆಯವರು ಮಾತ್ರ.

ಉತ್ಸಾಹದಿಂದ ಆರಂಭವಾದ ಕಲಿಕೆ ನಿಂತುಹೋಗುವುದು ಹೆಚ್ಚಾಗಿ ಈ ಆರು ದಿನಗಳಲ್ಲೇ. ಮೊದಲ ಕೆಲವು ತಿಂಗಳು ಸರಾಗವಾಗಿ ಸಾಗಿ, ಎರಡೂ ಕೈಗಳು ಒಟ್ಟಿಗೆ ನುಡಿಸಬೇಕಾದ ಹಂತ ಬಂದಾಗ ಮಗು ಹಿಂಜರಿಯುತ್ತದೆ. ವಾದ್ಯದ ಮೇಲೆ ಬಟ್ಟೆ ಹೊದಿಸಲಾಗುತ್ತದೆ. 'ನಮಗೆ ಸಂಗೀತ ಬಾರದು, ಹೇಳಿಕೊಡುವುದು ಹೇಗೆ?' ಎಂಬುದು ಪೋಷಕರ ಅಳಲು. ಆದರೆ ಮಗುವಿಗೆ ಮನೆಯಲ್ಲಿ ಎರಡನೆಯ ಶಿಕ್ಷಕರ ಅಗತ್ಯವಿಲ್ಲ. ಬೇಕಾದದ್ದು ದಿನವೂ ಒಂದೇ ಹೊತ್ತಿಗೆ ಪಕ್ಕದಲ್ಲಿ ಕುಳಿತು ಕೇಳುವ ಒಬ್ಬರು. ಜೊತೆಗೆ, ಪಾಶ್ಚಾತ್ಯ ಸಂಗೀತದ ಮೊದಲ ಪಾಠಗಳಿಗೆ ಬೇಕಾದ ಬಹಳಷ್ಟು ಸಾಮಗ್ರಿ ನಮ್ಮ ಸರಳೆ ವರಸೆಯಲ್ಲಿ, ಕೈಬೆರಳ ತಾಳದಲ್ಲಿ ಆಗಲೇ ಇದೆ.

ಸಂಗೀತದ ನೆಲ

ಹಾಸನ ಜಿಲ್ಲೆಗೆ ಸಂಗೀತ ಹೊರಗಿನಿಂದ ಬರಬೇಕಾದ ವಸ್ತುವಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ತೀರದ ರುದ್ರಪಟ್ಟಣ ಸಂಗೀತಗಾರರ ಗ್ರಾಮವೆಂದೇ ಹೆಸರಾಗಿದೆ. ಪದ್ಮಭೂಷಣ ಆರ್.ಕೆ. ಶ್ರೀಕಂಠನ್ (1920-2014) ಹುಟ್ಟಿದ್ದು ಇಲ್ಲಿ. ತಂದೆ ಕೃಷ್ಣಶಾಸ್ತ್ರಿಗಳು ಸಂಗೀತ ಬಲ್ಲವರು. ಶ್ರೀಕಂಠನ್ ಅವರ ಆರಂಭದ ಶಿಕ್ಷಣ ನಡೆದದ್ದು ಅಣ್ಣ, ಪಿಟೀಲು ವಿದ್ವಾಂಸ ಆರ್.ಕೆ. ವೆಂಕಟರಾಮಶಾಸ್ತ್ರಿಗಳ ಬಳಿ. ರುದ್ರಪಟ್ಟಣಂ ಸಹೋದರರೆಂದು ಖ್ಯಾತರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಅವರ ಮನೆತನದ ಮೂಲವೂ ಇದೇ ಊರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಮುಂದಾಳತ್ವದಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ಧ್ಯಾನ ಮಂದಿರವೂ ಇಲ್ಲಿ ತಲೆಯೆತ್ತಿದೆ. ಹೊಳೆನರಸೀಪುರದ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಎಚ್. ಯೋಗಾನರಸಿಂಹಂ (1897-1971) ವೃತ್ತಿಯಿಂದ ಶಿಕ್ಷಕರು, ಪ್ರವೃತ್ತಿಯಿಂದ ವಾಗ್ಗೇಯಕಾರರು.

ಈ ಮನೆತನಗಳಲ್ಲಿ ಮಕ್ಕಳಿಗೆ ಪಾಠದ ಹೊತ್ತು ಬೇರೆ, ಸಂಗೀತ ಕೇಳುವ ಹೊತ್ತು ಬೇರೆ ಎಂದಿರಲಿಲ್ಲ. ತಂದೆ, ಅಣ್ಣಂದಿರ ಹಾಡು ದಿನವೂ ಕಿವಿಯ ಮೇಲೆ ಬೀಳುತ್ತಿತ್ತು. ಇಂದಿನ ಮನೆಗಳಲ್ಲಿ ಆ ವಾತಾವರಣ ಇಲ್ಲದಿರಬಹುದು. ಅದರ ಒಂದಂಶವನ್ನು ಕಟ್ಟಿಕೊಡುವುದು ಸಾಧ್ಯ.

ಪಿಯಾನೊ ಕೂಡ ಹಳೇ ಮೈಸೂರು ಪ್ರಾಂತ್ಯಕ್ಕೆ ಹೊಸತಲ್ಲ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ್ (1919-1974) ಪಿಯಾನೊ ಅಭ್ಯಾಸ ಮಾಡಿ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದ ಅವರೇ ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಒಂದು ಪದ್ಧತಿ ಕಲಿತರೆ ಇನ್ನೊಂದು ಕೆಡುತ್ತದೆ ಎಂಬ ಆತಂಕಕ್ಕೆ ಇದಕ್ಕಿಂತ ಉತ್ತರ ಬೇಕಿಲ್ಲ.

ಸಮೂಹ ತರಗತಿಯ ಗುಣ, ಮಿತಿ

ಪುಟ್ಟ ಮಕ್ಕಳಿಗೆ ಗುಂಪಿನಲ್ಲಿ ಕಲಿಸುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ರೂಢಿಗೆ ತಂದ ದೇಶಗಳಲ್ಲಿ ಜಪಾನ್ ಮುಖ್ಯವಾದುದು. ಅಲ್ಲಿ ಯಮಹಾ ಸಂಸ್ಥೆ 1954ರಲ್ಲಿ ತನ್ನ ಸಂಗೀತ ತರಗತಿಗಳನ್ನು ಆರಂಭಿಸಿತು. ಮೊದಲು ಕೇಳುವುದು, ಅನಂತರ ಹಾಡುವುದು, ಆಮೇಲೆ ನುಡಿಸುವುದು, ಕೊನೆಗೆ ಓದುವುದು ಎಂಬುದು ಅದರ ಕ್ರಮ. ಅದೇ ದೇಶದ ಶಿನಿಚಿ ಸುಜುಕಿ (1898-1998) ಮಗು ಮಾತೃಭಾಷೆ ಕಲಿಯುವ ರೀತಿಯಲ್ಲೇ ಸಂಗೀತ ಕಲಿಯಬೇಕೆಂದು ಪ್ರತಿಪಾದಿಸಿದರು. ಪಾಠದ ವೇಳೆ ತಾಯಿ ಅಥವಾ ತಂದೆ ಹಾಜರಿದ್ದು, ಮನೆಯಲ್ಲಿ ಅದನ್ನು ಮುಂದುವರಿಸುವುದು ಅವರ ಪದ್ಧತಿಯ ಆಧಾರಸ್ತಂಭ.

ಗುಂಪಿನಲ್ಲಿ ಕಲಿಯುವ ಮಗು ಇತರರ ಲಯಕ್ಕೆ ಹೊಂದಿಕೊಳ್ಳುತ್ತದೆ, ತನ್ನ ಸರದಿಗೆ ಕಾಯುತ್ತದೆ, ಬೇರೆಯವರ ತಪ್ಪನ್ನು ಕೇಳಿ ತನ್ನದನ್ನು ಗುರುತಿಸುತ್ತದೆ. ಖರ್ಚೂ ಕಡಿಮೆ. ಮಿತಿಗಳು ಎರಡು. ಮೊದಲನೆಯದು, ಮಣಿಕಟ್ಟು ಕುಸಿಯುವುದು, ಬೆರಳು ಚಪ್ಪಟೆಯಾಗುವುದು ಶಿಕ್ಷಕರ ಕಣ್ಣಿಗೆ ಬೀಳದೆ ಅಭ್ಯಾಸವಾಗಿಬಿಡಬಹುದು. ಎರಡನೆಯದು, ಹತ್ತು ವಾದ್ಯಗಳ ನಾದದಲ್ಲಿ ಒಂದು ಮಗುವಿನ ಮೌನ ಮುಚ್ಚಿಹೋಗುತ್ತದೆ. ತರಗತಿಯಲ್ಲಿ ಎಲ್ಲವೂ ಬರುತ್ತಿರುವಂತೆ ಕಾಣುವ ಮಗು ಮನೆಯಲ್ಲಿ ಒಂಟಿಯಾಗಿ ನುಡಿಸಲಾಗದೆ ಅಳುವುದಕ್ಕೆ ಇದೇ ಕಾರಣ. ಹೀಗಾಗಿ ವಾರಕ್ಕೊಮ್ಮೆಯಾದರೂ ಮನೆಯವರ ಮುಂದೆ ಮಗು ಒಂದು ಪುಟ್ಟ ಪಾಠವನ್ನು ಒಬ್ಬನೇ ಅಥವಾ ಒಬ್ಬಳೇ ನುಡಿಸುವುದು ಒಳ್ಳೆಯದು. ಅಜ್ಜ-ಅಜ್ಜಿಯರಿಗಿಂತ ಉತ್ತಮ ಶ್ರೋತೃಗಳು ಈ ಕೆಲಸಕ್ಕೆ ಸಿಗಲಾರರು.

ಯಾವ ವಾದ್ಯ?

ಪೂರ್ಣ ಪಿಯಾನೊದಲ್ಲಿ 88 ಮನೆಗಳಿರುತ್ತವೆ. 52 ಬಿಳಿ, 36 ಕಪ್ಪು. ಕೀಗಳನ್ನು 'ಮನೆ' ಎಂದು ಕರೆಯುವುದು ನಮ್ಮ ಹಾರ್ಮೋನಿಯಂ ರೂಢಿ. ಗಾಯಕರು 'ಒಂದು ಮನೆ', 'ಒಂದೂವರೆ ಮನೆ' ಎಂದು ಶ್ರುತಿ ಹೇಳುವುದು ಇದರಿಂದಲೇ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಎಲೆಕ್ಟ್ರಾನಿಕ್ ಕೀಬೋರ್ಡ್‌ಗೆ 61 ಮನೆಗಳು, ಅಂದರೆ ಐದು ಸ್ಥಾಯಿಗಳು. ಮೊದಲ ಒಂದೆರಡು ವರ್ಷಗಳ ಪಾಠಕ್ಕೆ ಇಷ್ಟು ಧಾರಾಳ.

ಕೊಳ್ಳುವಾಗ ನೋಡಬೇಕಾದ ಅಂಶಗಳು ಇವು. ಮನೆಗಳು ಪಿಯಾನೊದಷ್ಟೇ ಅಗಲವಿರಬೇಕು. ಆಟಿಕೆಯ ಕಿರುಗಾತ್ರದವು ಬೆರಳಿನ ಅಳತೆ ತಪ್ಪಿಸುತ್ತವೆ. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರುದನಿ ಬರುವ ಸ್ಪರ್ಶ ಸಂವೇದನೆ ಇರಬೇಕು. ಇಲ್ಲವಾದರೆ ಮಗುವಿಗೆ ಮೃದು-ಗಟ್ಟಿಗಳ ಭೇದವೇ ತಿಳಿಯದು. ಪಿಯಾನೊ ಕಲಿಕೆಯೇ ಗುರಿಯಾಗಿದ್ದರೆ ಮುಂದೆ ಭಾರದ ಮನೆಗಳುಳ್ಳ 88ರ ಡಿಜಿಟಲ್ ಪಿಯಾನೊಗೆ ಬದಲಾಗಬೇಕಾಗುತ್ತದೆ. ಹಗುರ ಮನೆಗಳಲ್ಲಿ ವರ್ಷಗಟ್ಟಲೆ ಕಲಿತ ಬೆರಳಿಗೆ ನಿಜವಾದ ಪಿಯಾನೊ ಕಲ್ಲಿನಂತೆ ಅನ್ನಿಸುವುದುಂಟು. ತಂತಿಗಳುಳ್ಳ ಪಿಯಾನೊ ಕೊಳ್ಳುವವರು ಕಾಲಕಾಲಕ್ಕೆ ಶ್ರುತಿ ಮಾಡಿಸುವ ಖರ್ಚನ್ನೂ, ಮಳೆಗಾಲದ ತೇವಾಂಶಕ್ಕೆ ಮರ ಉಬ್ಬುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಾದ್ಯ ಕೊಳ್ಳುವ ಶಕ್ತಿ ಸದ್ಯಕ್ಕೆ ಇಲ್ಲದ ಮನೆಗಳೂ ಇವೆ. ರಟ್ಟಿನ ಮೇಲೆ ನಿಜವಾದ ಅಳತೆಯಲ್ಲಿ ಮನೆಗಳನ್ನು ಬರೆದು, ಬೆರಳುಗಳನ್ನು ಇಟ್ಟು, ಬಾಯಲ್ಲಿ ಸ್ವರ ಹಾಡುತ್ತ ಅಭ್ಯಾಸ ಮಾಡಬಹುದು. ನಾದ ಇಲ್ಲದಿದ್ದರೂ ಬೆರಳಿನ ಕ್ರಮ, ಎಣಿಕೆ, ಹಾಡು ಮೂರೂ ಕೂಡಿಬರುತ್ತವೆ. ಕೆಲವು ತಿಂಗಳಿಗೆ ಇದು ಸಾಕು, ಅದರಾಚೆಗೆ ಸಾಲದು.

ಕೂರುವುದರಿಂದಲೇ ಪಾಠ

ಊಟದ ಮೇಜಿನ ಮೇಲೆ ಕೀಬೋರ್ಡ್ ಇಟ್ಟು ಮಗುವನ್ನು ಕುರ್ಚಿಯಲ್ಲಿ ಕೂರಿಸಿದರೆ ಭುಜ ಮೇಲೇರುತ್ತದೆ, ಕಾಲು ಗಾಳಿಯಲ್ಲಿ ತೂಗಾಡುತ್ತದೆ. ಮೊಣಕೈ ಮನೆಗಳ ಮಟ್ಟಕ್ಕೆ ಬರುವಷ್ಟು ಎತ್ತರದಲ್ಲಿ ಮಗು ಕೂರಬೇಕು. ಮಡಚಿದ ಕಂಬಳಿಯಿಂದ ಎತ್ತರ ಹೆಚ್ಚಿಸಬಹುದು. ಕಾಲಿನ ಕೆಳಗೆ ಅಡುಗೆಮನೆಯ ಮಣೆ ಇಟ್ಟರೆ ಆಧಾರ ಸಿಗುತ್ತದೆ. ಕೈಯೊಳಗೆ ನಿಂಬೆಹಣ್ಣು ಹಿಡಿದಂತೆ ಬೆರಳುಗಳು ಬಾಗಿರಲಿ.

ಪಿಯಾನೊದಲ್ಲಿ ಬೆರಳುಗಳಿಗೆ ಸಂಖ್ಯೆಗಳಿವೆ. ಎರಡೂ ಕೈಗಳ ಹೆಬ್ಬೆರಳು 1, ಕಿರುಬೆರಳು 5. ಪುಸ್ತಕದಲ್ಲಿ ಸ್ವರದ ಮೇಲೆ ಮುದ್ರಿಸಿರುವ ಅಂಕಿ ಸಾಮಾನ್ಯವಾಗಿ ಇದೇ. ಅದು ಸ್ವರದ ಹೆಸರಲ್ಲ. ಅದನ್ನು ಅನುಸರಿಸುತ್ತಿದೆಯೇ ಎಂದು ನೋಡಲು ಸಂಗೀತ ಬರಬೇಕಿಲ್ಲ, ಅಂಕಿ ಬಂದರೆ ಸಾಕು.

ತಾಳ ಬಲ್ಲ ಕೈಗೆ ಎಣಿಕೆ ಸುಲಭ

ಸಂಗೀತ ಸಿದ್ಧಾಂತವೆಂದರೆ ಮಕ್ಕಳಿಗೆ ಮೊದಲು ಎದುರಾಗುವುದು ಸ್ವರಗಳ ಕಾಲಪ್ರಮಾಣ. ಕ್ರಾಚೆಟ್‌ಗೆ ಒಂದು ಎಣಿಕೆ, ಮಿನಿಮ್‌ಗೆ ಎರಡು, ಸೆಮಿಬ್ರೀವ್‌ಗೆ ನಾಲ್ಕು, ಕ್ವೇವರ್‌ಗೆ ಅರ್ಧ. ಹೆಸರುಗಳು ಹೊಸವು, ವಿಷಯ ಹಳೆಯದು. ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡುವ ಮಗು ಒಂದು ಎಣಿಕೆಗೆ ಒಂದು ಸ್ವರ, ಅನಂತರ ಎರಡು, ಅನಂತರ ನಾಲ್ಕು ಎಂದು ಹಾಡುತ್ತದೆ. ಎಣಿಕೆಗೆ ಒಂದೇ ಸ್ವರವಾದರೆ ಕ್ರಾಚೆಟ್, ಎರಡಾದರೆ ಕ್ವೇವರ್, ನಾಲ್ಕಾದರೆ ಸೆಮಿಕ್ವೇವರ್.

ಆದಿತಾಳವನ್ನೇ ನೋಡಬಹುದು. ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ತಟ್ಟು, ಬೀಸು, ತಟ್ಟು, ಬೀಸು. ಒಟ್ಟು ಎಂಟು. ನಾಲ್ಕರ ಮೇಲೆ ನಾಲ್ಕು ಎಂದು ಬರೆದಿರುವ ಪಾಠದ ಎರಡು ಬಾರ್‌ಗಳು ಇದರ ಒಂದು ಆವರ್ತನದಲ್ಲಿ ಸರಿಯಾಗಿ ಕೂರುತ್ತವೆ. ನಾಲ್ಕರ ಮೇಲೆ ಮೂರು ಎಂದಿದ್ದರೆ, ರೂಪಕವನ್ನು ತಟ್ಟು, ತಟ್ಟು, ಬೀಸು ಎಂದು ಮೂರೆಣಿಕೆಯಲ್ಲಿ ಹಾಕುವ ರೂಢಿ ನೆರವಾಗುತ್ತದೆ. ಮಗು ನುಡಿಸುವಾಗ ಪಕ್ಕದಲ್ಲಿ ಕುಳಿತವರು ಮೆಲ್ಲಗೆ ತಾಳ ಹಾಕಿದರೆ ಸಾಕು; ಕಷ್ಟದ ಜಾಗದಲ್ಲಿ ನಿಧಾನಿಸಿ ಸುಲಭದ ಜಾಗದಲ್ಲಿ ಓಡುವ ಸಾಮಾನ್ಯ ದೋಷ ತಾನಾಗಿ ತಿದ್ದಿಕೊಳ್ಳುತ್ತದೆ.

ಸರಿಗಮ ಮತ್ತು ಸಿ-ಡಿ-ಇ

ಗೊಂದಲ ಹುಟ್ಟುವುದು ಇಲ್ಲಿ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಆರಂಭದ ಪಾಠಗಳು ಮಾಯಾಮಾಳವಗೌಳ ರಾಗದಲ್ಲಿವೆ. ಪಿಯಾನೊದ ಆರಂಭದ ಪಾಠ ಹೆಚ್ಚಾಗಿ ಸಿ ಮೇಜರ್ ಸ್ಕೇಲ್‌ನಲ್ಲಿ. ಅದರ ಸ್ವರಗಳು ನಮ್ಮ ಧೀರಶಂಕರಾಭರಣದವು. ಸಿ ಎಂಬುದನ್ನು ಷಡ್ಜವೆಂದಿಟ್ಟುಕೊಂಡರೆ ಶಂಕರಾಭರಣ ಪೂರ್ತಿ ಬಿಳಿ ಮನೆಗಳಲ್ಲೇ ನಡೆಯುತ್ತದೆ. ಮಾಯಾಮಾಳವಗೌಳಕ್ಕೆ ರಿಷಭ, ಧೈವತಗಳೆರಡೂ ಕಪ್ಪು ಮನೆಗಳಿಗೆ ಬರುತ್ತವೆ. ಆದ್ದರಿಂದ ಸಂಗೀತ ಬಲ್ಲ ಅಜ್ಜಿ 'ರಿ ತಪ್ಪಾಗಿದೆ' ಎಂದರೆ ಮೊಮ್ಮಗುವಿನದೂ ತಪ್ಪಲ್ಲ, ಅಜ್ಜಿಯದೂ ತಪ್ಪಲ್ಲ. ರಾಗ ಬೇರೆ, ಅಷ್ಟೇ.

ಇನ್ನೊಂದು ವ್ಯತ್ಯಾಸವನ್ನೂ ಮಗುವಿಗೆ ತಿಳಿಹೇಳಬೇಕು. ನಮ್ಮ ಷಡ್ಜ ಗಾಯಕರ ಕಂಠಕ್ಕೆ ಹೊಂದಿ ಯಾವ ಮನೆಯಲ್ಲಾದರೂ ನಿಲ್ಲುತ್ತದೆ. ಸಿ ಎಂಬ ಹೆಸರು ಮಾತ್ರ ತನ್ನ ಮನೆ ಬಿಟ್ಟು ಕದಲದು. ಊರಿನ ಹೆಸರಿಗೂ 'ನಮ್ಮೂರು' ಎಂಬ ಮಾತಿಗೂ ಇರುವ ಭೇದವಿದು. ಹಾಸನ ಯಾವಾಗಲೂ ಹಾಸನವೇ. 'ನಮ್ಮೂರು' ಹೇಳುವವರನ್ನು ಅವಲಂಬಿಸಿ ಅರಕಲಗೂಡೂ ಆಗಬಹುದು, ಚನ್ನರಾಯಪಟ್ಟಣವೂ ಆಗಬಹುದು.

ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ಗಮಕಗಳು ಪಿಯಾನೊದ ಸ್ಥಿರ ಮನೆಗಳಲ್ಲಿ ಬರುವುದಿಲ್ಲ ಎಂಬುದೂ ನಿಜ. ಹಾಗೆಂದು ಎರಡರ ನಡುವೆ ಸೇತುವೆ ಇಲ್ಲದಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ ನೊಟ್ಟುಸ್ವರ ರಚನೆಗಳು ಮೂವತ್ತಕ್ಕೂ ಹೆಚ್ಚು ಉಳಿದಿವೆ. ಅವು ಶಂಕರಾಭರಣದ ಸ್ವರಗಳಲ್ಲಿದ್ದು, ಚಿಕ್ಕವು, ಗಮಕದ ಭಾರವಿಲ್ಲದವು. ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿಯೂ ಅವುಗಳಲ್ಲಿ ಸೇರಿದೆ. ಅಜ್ಜಿ ಹಾಡಲು, ಮೊಮ್ಮಗು ಬಿಳಿ ಮನೆಗಳಲ್ಲಿ ನುಡಿಸಲು ಇವು ಹೇಳಿ ಮಾಡಿಸಿದಂತಿವೆ.

ದಿನದ ಹದಿನೈದು ನಿಮಿಷ

ಐದಾರು ವರ್ಷದ ಮಗುವಿಗೆ ದಿನಕ್ಕೆ ಹತ್ತು ನಿಮಿಷ, ಏಳರಿಂದ ಒಂಬತ್ತು ವರ್ಷದವರಿಗೆ ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಭಾನುವಾರ ಒಂದೇ ಸಲ ಒಂದೂವರೆ ಗಂಟೆ ಕೂರಿಸುವುದು ಇದಕ್ಕೆ ಬದಲಿಯಾಗದು. ವಾರದೂಟವನ್ನು ಒಂದೇ ದಿನ ಉಣಿಸಲು ಬರುವುದಿಲ್ಲ. ಶಾಲೆಯಿಂದ ಬಂದು ತಿಂಡಿ ಮುಗಿಸಿದ ಮೇಲೆ, ಹೋಂವರ್ಕ್‌ಗೆ ಮೊದಲು ಎಂಬಂತೆ ಹೊತ್ತು ಗೊತ್ತುಮಾಡಿದರೆ ದಿನದಿನದ ಒತ್ತಾಯ ತಪ್ಪುತ್ತದೆ.

ಕ್ರಮ ಹೀಗಿರಬಹುದು. ಮೊದಲ ಎರಡು ನಿಮಿಷ ಆಗಲೇ ಬರುವ ಪಾಠ. ಮುಂದಿನ ಮೂರು ನಿಮಿಷ ಹೊಸ ಪಾಠವನ್ನು ನುಡಿಸದೆ, ತಾಳ ಹಾಕುತ್ತ ಹಾಡುವುದು. ಅನಂತರ ಐದು ನಿಮಿಷ ಬಲಗೈ, ಎಡಗೈ ಬೇರೆಬೇರೆಯಾಗಿ. ಆಮೇಲೆ ಎರಡು ಕೈ ಸೇರಿಸಿ ಎರಡೇ ಬಾರ್, ಬಹಳ ನಿಧಾನವಾಗಿ. ಕೊನೆಯ ಎರಡು ನಿಮಿಷ ಮಗುವಿಗೆ ಇಷ್ಟವಾದದ್ದು. ಸಿನಿಮಾ ಹಾಡಾದರೂ ಸರಿ. ತಪ್ಪಿದ ಕಡೆ ಮೊದಲಿನಿಂದ ನುಡಿಸುವ ಬದಲು ಆ ಬಾರನ್ನೇ ಮೂರು ಸಲ ಸರಿಯಾಗಿ ನುಡಿಸುವುದು ಲಾಭಕರ. ಇಲ್ಲವಾದರೆ ಪಾಠದ ಆರಂಭ ಮಾತ್ರ ಚೆನ್ನಾಗಿ ಬಂದು ಕೊನೆ ಎಂದಿಗೂ ಬಾರದು.

ಹಿಂದೆ ಬಿದ್ದ ಮಗು

ಗುಂಪಿನಲ್ಲಿ ಹೋಲಿಕೆ ತಪ್ಪದು. 'ಪಕ್ಕದ ಮನೆಯವಳು ಮೂರನೇ ಪಾಠದಲ್ಲಿದ್ದಾಳೆ' ಎಂಬ ಒಂದು ಮಾತು ವಾದ್ಯದ ಮುಚ್ಚಳವನ್ನು ತಿಂಗಳುಗಟ್ಟಲೆ ಮುಚ್ಚಿಸಬಲ್ಲದು. ಹೋಲಿಸುವ ಮುನ್ನ ಕಾರಣ ಹುಡುಕಬೇಕು. ಕೆಲವು ಮಕ್ಕಳ ಕೈ ಚಿಕ್ಕದು. ಐದು ಮನೆಗಳ ಆಚೆಗೆ ಬೆರಳು ಚಾಚಲು ಸಮಯ ಬೇಕು. ಕೆಲವರಿಗೆ ಬೋರ್ಡಿನ ಮೇಲಿನ ಗೆರೆಗಳೇ ಕಾಣುತ್ತಿರುವುದಿಲ್ಲ. ಕಣ್ಣಿನ ಪರೀಕ್ಷೆ ಬೇಕಾಗಬಹುದು.

ಇನ್ನು ಕೆಲವರು ಕಿವಿಯಿಂದಲೇ ಬೇಗ ಕಲಿಯುವ ಚುರುಕು ಮಕ್ಕಳು. ಅವರು ಅಕ್ಕಪಕ್ಕದವರನ್ನು ಕೇಳಿ ನುಡಿಸುತ್ತಾರೆ. ಐದು ಗೆರೆಗಳ ಸ್ವರಲಿಪಿ ಓದುತ್ತಿಲ್ಲವೆಂಬುದು ಗುಂಪಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಪಾಠ ಉದ್ದವಾದಾಗ ಇದ್ದಕ್ಕಿದ್ದಂತೆ ನಿಂತುಬಿಡುತ್ತಾರೆ. ಇದನ್ನು ಪತ್ತೆ ಮಾಡುವುದು ಸುಲಭ. ಪಾಠದ ನಡುವಿನ ಒಂದು ಬಾರ್ ತೋರಿಸಿ 'ಇಲ್ಲಿಂದ ನುಡಿಸು' ಎಂದರೆ, ಓದಬಲ್ಲ ಮಗು ನುಡಿಸುತ್ತದೆ, ಬಾಯಿಪಾಠದ ಮಗು ಮೊದಲಿಗೆ ಹೋಗುತ್ತದೆ. ಕಿವಿ ಚುರುಕಾಗಿರುವುದು ದೋಷವಲ್ಲ, ವರವೇ. ದಿನಕ್ಕೆ ಒಂದು ಹೊಸ ಸಾಲು ಓದುವ ಅಭ್ಯಾಸ ಜೊತೆಗೂಡಬೇಕು ಅಷ್ಟೇ. ಪ್ರತಿ ಸ್ವರದ ಕೆಳಗೆ ಪೆನ್ಸಿಲಿನಿಂದ ಅಕ್ಷರ ಬರೆದುಕೊಡುವುದು, ಎಲ್ಲ ಮನೆಗಳಿಗೂ ಚೀಟಿ ಅಂಟಿಸುವುದು ತಾತ್ಕಾಲಿಕ ನೆರವಾಗಿ ಕಂಡರೂ ಓದುವಿಕೆಯನ್ನು ಮುಂದೂಡುತ್ತವೆ. ಎರಡು ಕಪ್ಪು ಮನೆಗಳ ಗುಂಪಿನ ಎಡಕ್ಕಿರುವ ಬಿಳಿ ಮನೆಯೇ ಸಿ ಎಂದು ಗುರುತು ಹಿಡಿದರೆ ಉಳಿದವು ತಾವಾಗಿ ಬರುತ್ತವೆ.

ಪರೀಕ್ಷೆ ಯಾವಾಗ?

ಪಿಯಾನೊಗೆ ಭಾರತದಲ್ಲಿ ಹೆಚ್ಚು ಪ್ರಚಲಿತವಾಗಿರುವುದು ಲಂಡನ್ನಿನ ಟ್ರಿನಿಟಿ ಕಾಲೇಜ್ ಮತ್ತು ಅಸೋಸಿಯೇಟೆಡ್ ಬೋರ್ಡ್ ಪರೀಕ್ಷೆಗಳು. ಎರಡರಲ್ಲೂ ಇನಿಷಿಯಲ್‌ನಿಂದ ಎಂಟನೇ ಗ್ರೇಡ್‌ವರೆಗೆ ಹಂತಗಳಿವೆ. ಟ್ರಿನಿಟಿಯಲ್ಲಿ ಪಿಯಾನೊ ಮತ್ತು ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ ಬೇರೆ ವಿಷಯಗಳು. ಮಗು ಯಾವುದನ್ನು ಕಲಿಯುತ್ತಿದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಅಸೋಸಿಯೇಟೆಡ್ ಬೋರ್ಡ್‌ನಲ್ಲಿ ಆರನೇ ಗ್ರೇಡ್‌ಗೆ ಹೋಗಲು ಐದನೇ ಗ್ರೇಡ್ ಸಿದ್ಧಾಂತ ಅಥವಾ ಅದಕ್ಕೆ ಸಮಾನವೆಂದು ಮಂಡಳಿ ಒಪ್ಪುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಸಿದ್ಧಾಂತವನ್ನು ಕಡೆಗಣಿಸಿದವರಿಗೆ ಅಲ್ಲಿ ದಾರಿ ಮುಚ್ಚುತ್ತದೆ. ಕರ್ನಾಟಕ ಸಂಗೀತಕ್ಕೆ ನಮ್ಮ ರಾಜ್ಯದಲ್ಲಿ ದೀರ್ಘಕಾಲದಿಂದ ನಡೆದುಬಂದಿರುವ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲೂ ಶಾಸ್ತ್ರ ಭಾಗವಿದೆ.

ಆದರೆ ಎಂಟು ವರ್ಷದೊಳಗಿನ ಮಗುವಿಗೆ ಪ್ರಮಾಣಪತ್ರದ ಆತುರ ಬೇಕಿಲ್ಲ. ಪರೀಕ್ಷೆಗೆಂದು ವರ್ಷವಿಡೀ ಮೂರೇ ಪಾಠ ನುಡಿಸಿದ ಮಗುವಿಗಿಂತ, ಇಪ್ಪತ್ತು ಸುಲಭ ಪಾಠ ನುಡಿಸಿದ ಮಗು ಮುಂದೆ ಹೆಚ್ಚು ದೂರ ಹೋಗುತ್ತದೆ.

ಶಿಕ್ಷಕರಲ್ಲಿ ಕೇಳಬೇಕಾದದ್ದು

ಸೇರಿಸುವ ಮುನ್ನ ಪೋಷಕರು ಈ ಪ್ರಶ್ನೆಗಳನ್ನು ಕೇಳುವುದು ಉಚಿತ.

* ಗುಂಪಿನಲ್ಲಿ ಎಷ್ಟು ಮಕ್ಕಳು, ಅವರ ವಯಸ್ಸಿನ ಅಂತರ ಎಷ್ಟು?
* ಪ್ರತಿ ಮಗುವಿಗೂ ಪ್ರತ್ಯೇಕ ವಾದ್ಯವಿದೆಯೇ, ಸರದಿಯೇ?
* ಕೊನೆಯ ಐದು ನಿಮಿಷ ಪೋಷಕರು ಒಳಗೆ ಕೂರಬಹುದೇ?
* ವಾರದ ಅಭ್ಯಾಸವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಡುತ್ತಾರೆಯೇ?
* ಮಗುವಿನ ಕೈಯ ಭಂಗಿಯನ್ನು ತಿಂಗಳಿಗೊಮ್ಮೆಯಾದರೂ ಪ್ರತ್ಯೇಕವಾಗಿ ನೋಡುತ್ತಾರೆಯೇ?

ಕೊನೆಯ ಮೂರಕ್ಕೂ 'ಹೌದು' ಎಂಬ ಉತ್ತರ ಬಂದರೆ ಮನೆಗೂ ತರಗತಿಗೂ ಕೊಂಡಿ ಬಿದ್ದಂತೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಜಿಲ್ಲಾ ಕೇಂದ್ರಕ್ಕೆ ಮಗುವನ್ನು ಕರೆತರುವವರಿಗಂತೂ ಇದು ಇನ್ನೂ ಮುಖ್ಯ. ಮೂವತ್ತು-ನಲವತ್ತು ಕಿಲೋಮೀಟರ್ ಪ್ರಯಾಣ ಮಾಡಿ ಕಲಿತ ಪಾಠ ಮುಂದಿನ ವಾರದೊಳಗೆ ಮರೆತುಹೋದರೆ ಬಸ್ಸಿನ ಖರ್ಚೂ ಬಳಲಿಕೆಯೂ ವ್ಯರ್ಥ. ಮರಳುವ ದಾರಿಯಲ್ಲಿ, ಬಸ್ಸಿನ ಸೀಟಿನಲ್ಲೇ ತೊಡೆಯ ಮೇಲೆ ತಾಳ ಹಾಕುತ್ತ ಅಂದಿನ ಪಾಠವನ್ನು ಒಮ್ಮೆ ಗುನುಗಿಸಿದರೆ ಆರು ದಿನಗಳ ಅಭ್ಯಾಸ ಅಲ್ಲಿಂದಲೇ ಆರಂಭವಾಗುತ್ತದೆ.

ಈ ಮಕ್ಕಳಲ್ಲಿ ಎಲ್ಲರೂ ವೇದಿಕೆ ಏರಲಿಕ್ಕಿಲ್ಲ. ಏರಬೇಕಾಗಿಯೂ ಇಲ್ಲ. ಸಂಗೀತವನ್ನು ಗಮನವಿಟ್ಟು ಕೇಳಬಲ್ಲ ಕಿವಿಯೊಂದು ಮನೆಯಲ್ಲಿ ಬೆಳೆದರೂ ಕೊಟ್ಟ ಶುಲ್ಕ, ಕಳೆದ ಸಂಜೆಗಳು ಸಾರ್ಥಕವೇ. ಅದಕ್ಕಾಗಿ ಪೋಷಕರು ಕೊಡಬೇಕಾದದ್ದು ದಿನದ ಹದಿನೈದು ನಿಮಿಷ. ಆ ಹೊತ್ತಿನಲ್ಲಿ ಟಿವಿ, ಮೊಬೈಲು ಎರಡೂ ಮೌನವಾಗಿರಲಿ.